ಆ ಬಟನ್ ಒತ್ತೋ ಮುಂಚೆ ಒಂದು ಮಾತು ಕೇಳಬಾರ್ದಾ?

ನಿನ್ನೆ ಸಂಜೆಯಿಂದ ಮೈಯೆಲ್ಲಾ ಉರೀತಾ ಇದೆ. ರಾತ್ರಿ ನಿದ್ದೆನೂ ಸರಿಯಾಗಿ ಬರ್ಲಿಲ್ಲ. ಬರೆದು ಹಾಕ್ಬಿಡ್ತೀನಿ, ಉದ್ದ ಆಗುತ್ತೆ, ಪುರುಸೊತ್ತಿದ್ದೋರು ಓದಿ.

ಟೆಂಪರ್ಡ್ ಗ್ಲಾಸ್ ಹಾಕಿಸೋಣ ಅಂತ ಮಲ್ಲೇಶ್ವರದ ಒಂದು ಮೊಬೈಲ್ ಅಂಗಡಿಗೆ ಹೋಗಿದ್ದೆ, ಸಂಪಿಗೆ ರೋಡಿಂದ ಒಳಗಡೆ ಕ್ರಾಸಿಗೆ ತಿರುಗಿದ್ರೆ ಸಿಗೋ ಥರದ ಪುಟ್ಟ ಅಂಗಡಿ, ಹೆಸರು ಬೇಡ. ನನಗಿಂತ ಮುಂಚೆ ಒಬ್ರು ಟೈಲರ್ ಅಮ್ಮ ನಿಂತಿದ್ರು. ಶ್ರೀರಾಮಪುರದವರು, ಐವತ್ತೈದರ ಆಸುಪಾಸು, ಕುತ್ತಿಗೇಲಿ ಇಂಚ್ ಟೇಪ್ ಹಾಗೇ ನೇತಾಡ್ತಿತ್ತು, ಹೊಲೀತಾ ಇದ್ದ ಮಿಷನ್ ಬಿಟ್ಟು ಎದ್ದು ಬಂದಿದಾರೆ ಅಂತ ನೋಡಿದ್ರೇ ಗೊತ್ತಾಗ್ತಿತ್ತು. 32 ಜಿಬಿ ಫೋನು. "ಸ್ಟೋರೇಜ್ ಫುಲ್ ಅಂತ ಬರ್ತಿದೆ ಕಣಪ್ಪ, ಕಸ್ಟಮರ್ಸು ಡಿಸೈನ್ ಕಳಿಸಿದ್ರೆ ಡೌನ್‌ಲೋಡೇ ಆಗ್ತಿಲ್ಲ, ವರಮಹಾಲಕ್ಷ್ಮಿ ಹಬ್ಬ ಬಂತು" ಅಂದ್ರು. ಕೌಂಟರ್ ಹುಡುಗ ತಲೆ ಎತ್ತದೇನೇ "ಕ್ಯಾಶ್ ಕ್ಲಿಯರ್ ಮಾಡ್ಬೇಕು, ನೂರೈವತ್ತು ಆಗುತ್ತೆ" ಅಂದ.

ಆಯಮ್ಮ ಗಾಬರಿಯಾಗಿ "ಕ್ಯಾಶಾ? ಅಕೌಂಟಲ್ಲಿರೋ ದುಡ್ಡು ಹೋಗಲ್ಲ ತಾನೇ?" ಅಂತ ಕೇಳಿದ್ರು.

ಎಷ್ಟು ನ್ಯಾಯವಾದ ಪ್ರಶ್ನೆ ಅದು. ಹುಡುಗ ಹೇಳಿದ್ದು cache, ಅಂದ್ರೆ ಆಪುಗಳು ಸದ್ಯಕ್ಕೆ ಅಂತ ಹತ್ರ ಇಟ್ಕೊಂಡಿರೋ ಫೈಲು, ಆದ್ರೆ ಕಿವಿಗೆ ಬೀಳೋದು ಕ್ಯಾಶ್ ಅಂತಾನೇ ಅಲ್ವಾ? ಕ್ಯಾಶ್ ಅಂದ್ರೆ ದುಡ್ಡು, ದುಡ್ಡಿನ ಆಪ್ ಇರೋದೂ ಅದೇ ಫೋನಲ್ಲಿ. ಹುಡುಗ ಪಕ್ಕದ ಹುಡುಗನ ಮುಖ ನೋಡಿ ನಕ್ಕ. ಉತ್ತರ ಕೊಡ್ಲಿಲ್ಲ. ನನಗೆ ಮೊದಲು ಪಿತ್ತ ನೆತ್ತಿಗೇರಿದ್ದು ಅಲ್ಲೇ.

ಆಮೇಲೆ ಅವನ ಬೆರಳು ನೋಡ್ಬೇಕಿತ್ತು. ಸೆಟ್ಟಿಂಗ್ಸು, ಆಪ್ಸು, ಒಂದು ಆಪ್ ಒತ್ತು, ಸ್ಟೋರೇಜು, ಕ್ಲಿಯರ್ ಡೇಟಾ, ಓಕೆ. ವಾಪಸ್. ಮುಂದಿನ ಆಪು, ಸ್ಟೋರೇಜು, ಕ್ಲಿಯರ್ ಡೇಟಾ, ಓಕೆ. ನಾನು ಹಿಂದಿಂದ ನೋಡ್ತಾ "ರೀ, ಅದು ಕ್ಯಾಶ್ ಅಲ್ಲ, ಡೇಟಾ ಒತ್ತುತಾ ಇದೀರಾ" ಅನ್ನೋಷ್ಟರಲ್ಲಿ ಐದಾರು ಆಪ್ ಮುಗಿದೋಗಿತ್ತು. "ಮೇಡಂ, ಎಲ್ಲಾ ಒಂದೇ, ಜಾಗ ಆಗ್ಬೇಕು ತಾನೇ" ಅಂದ.

ಒಂದೇ ಅಂತೆ!

ಆ ಐದಾರರಲ್ಲಿ ಒಂದು ಫೋನಿನ ಜೊತೇಲೇ ಬಂದಿದ್ದ ನೋಟ್ಸ್ ಆಪು. ಅದು ತಿಂದಿದ್ದ ಜಾಗ 6 ಎಂಬಿ, ಗಟ್ಟಿಯಾಗಿ ಎರಡು ಫೋಟೋದಷ್ಟು. ಅದರೊಳಗೆ ಇದ್ದಿದ್ದು ಆಯಮ್ಮ ಮೂರು ವರ್ಷದಿಂದ ಮೈಕ್ ಒತ್ತಿ ಕನ್ನಡದಲ್ಲಿ ಹೇಳ್ಕೊಂಡು ಟೈಪ್ ಮಾಡಿಸಿದ್ದ ಅಳತೆಗಳು. ಅದನ್ನ ಮಗಳು ಕಲಿಸಿಕೊಟ್ಟಿದ್ಲಂತೆ. ಬ್ಯಾಂಕ್ ಮೇಡಂ, ಎದೆ 36, ತೋಳು 9, ಬೆನ್ನು ಡೀಪ್ 7, ಎಡ ಭುಜ ಸ್ವಲ್ಪ ಇಳಿಜಾರು. ಮೂಲೆ ಮನೆ ಅಜ್ಜಿ, ಮುಂದೆ ಹುಕ್ ಬೇಡ ಪ್ರೆಸ್ ಬಟನ್ ಇರಲಿ, ಬೆರಳು ನೋವು. ಇಂಥದ್ದು ನೂರಕ್ಕೂ ಮೇಲೆ. ಒಂದೊಂದನ್ನೂ ಬಾಯಿಪಾಠ ಒಪ್ಪಿಸೋ ಥರ ನನಗೆ ಹೇಳಿದ್ರು, ಆದ್ರೆ ಎಷ್ಟು ಅಂತ ನೆನಪಲ್ಲಿಟ್ಕೊಳ್ಳೋಕಾಗುತ್ತೆ. ಆಪ್ ತೆಗೆದ್ರೆ ಬಿಳೀ ಪೇಜು. ಕೆಳಗಡೆ ಎಲ್ಲೋ ಇರ್ಬೇಕು ಅಂತ ಬೆರಳಲ್ಲಿ ತಳ್ತಾನೇ ಇದ್ರು, ತಳ್ತಾನೇ ಇದ್ರು. ಖಾಲಿ ಪೇಜಲ್ಲಿ ಏನು ತಳ್ಳಿದ್ರೆ ಏನು ಬರುತ್ತೆ.

ಒಂದು ಮಾತು ಕೇಳಬಾರ್ದಿತ್ತಾ? "ಅಮ್ಮಾ, ಈ ಆಪಲ್ಲಿ ಏನಾದ್ರೂ ಬೇಕಾಗಿರೋದು ಇದ್ಯಾ?" ಇಷ್ಟೇ. ಎರಡು ಸೆಕೆಂಡ್ ಮಾತು.

ನಿಮಗೆಲ್ಲಾ ಗೊತ್ತಲ್ಲ, ನಾನು ಇಷ್ಟು ವರ್ಷದಿಂದ ಮಾಡ್ತಿರೋದು ಆಪ್ ಟೆಸ್ಟಿಂಗ್ ಕೆಲಸ, ದಿನಕ್ಕೆ ಹತ್ತು ಸಲ ಕ್ಲಿಯರ್ ಕ್ಯಾಶ್, ಕ್ಲಿಯರ್ ಡೇಟಾ ಈ ಎರಡೂ ಬಟನ್ ಒತ್ತೋಳು ನಾನು. ಅದಕ್ಕೇ ಹೇಳ್ತೀನಿ, ಇದರಷ್ಟು ಬೇರೆ ಬೇರೆ ಕೆಲಸ ಮಾಡೋ ಎರಡು ಬಟನ್ನನ್ನ ಇಷ್ಟು ಹತ್ತಿರ ಇಟ್ಟಿರೋದು ಫೋನಲ್ಲಿ ಬೇರೆಲ್ಲೂ ನಾನು ನೋಡಿಲ್ಲ. ಕೆಲವು ಫೋನಲ್ಲಂತೂ ಕೆಳಗಡೆ ಒಂದೇ ಬಟನ್ನು, ಅದನ್ನ ಒತ್ತಿದ್ರೆ 'ಎಲ್ಲಾ ಡೇಟಾ' ಒಂದು, 'ಕ್ಯಾಶ್' ಒಂದು ಅಂತ ಎರಡು ಸಾಲು ಬರುತ್ತೆ. ಅವಸರದಲ್ಲಿರೋರ ಬೆರಳು ಎಲ್ಲಿಗೆ ಹೋಗುತ್ತೆ ಹೇಳಿ.

ಆಯಮ್ಮಂಗೆ ನಾನು ಹೇಳಿದ್ದು ಹೀಗೆ. ನೀವು ಬ್ಲೌಸ್ ಕಟ್ ಮಾಡಿದ್ಮೇಲೆ ಮತ್ತೆ ಬೇಕಾಗಬಹುದು ಅಂತ ಮಿಷನ್ ಪಕ್ಕ ಡಬ್ಬಿಲಿ ಚೂರು ಬಟ್ಟೆ, ಉಳಿದ ದಾರ ಇಟ್ಕೋತೀರಲ್ಲ, ಅದು ಕ್ಯಾಶು. ಯೂಟ್ಯೂಬು, ಬ್ರೌಸರು, ಶಾಪಿಂಗ್ ಆಪು ಎಲ್ಲಾ ಒಂದ್ಸಲ ತಂದ ಚಿತ್ರಾನ ಮತ್ತೆ ನೆಟ್ಟಿಂದ ತರೋದು ಬೇಡ ಅಂತ ಹತ್ರ ಇಟ್ಕೊಂಡಿರುತ್ತೆ. ಆ ಡಬ್ಬಿ ಖಾಲಿ ಮಾಡಿದ್ರೆ ಏನೂ ಕಳ್ಕೊಳಲ್ಲ, ಮತ್ತೆ ಚೂರು ಸೇರುತ್ತೆ ಅಷ್ಟೇ. ಕ್ಲಿಯರ್ ಡೇಟಾ ಅಂದ್ರೆ ಅಳತೆ ಪುಸ್ತಕಾನೇ ಒಲೆಗೆ ಹಾಕಿದ ಹಾಗೆ. ಲಾಗಿನ್ನು, ಸೆಟ್ಟಿಂಗು, ಬರ್ಕೊಂಡಿರೋದು, ಮ್ಯಾಪಲ್ಲಿ ಡೌನ್‌ಲೋಡ್ ಮಾಡಿಟ್ಟಿರೋ ಊರು, ಹಾಡಿನ ಆಪಲ್ಲಿ ಇಳಿಸಿಟ್ಟಿರೋ ಹಾಡು, ಎಲ್ಲಾ ಹೋಗಿ ಆಪು ಇವತ್ತೇ ಹಾಕಿದ ಹಾಗಾಗುತ್ತೆ. ಯುಪಿಐ ಆಪಿಗೆ ಹಾಗೆ ಮಾಡಿದ್ರೆ ಬ್ಯಾಂಕಲ್ಲಿರೋ ದುಡ್ಡಿಗೆ ಏನೂ ಆಗಲ್ಲ, ಆದ್ರೆ ಮತ್ತೆ ಆ ಸಿಮ್ಮಿಂದಾನೇ ಎಸ್ಸೆಮ್ಮೆಸ್ ಹೋಗಿ ರಿಜಿಸ್ಟರ್ ಆಗ್ಬೇಕು, ಅದು ಹೋಗದೆ ಇದ್ರೆ ಆವತ್ತು ತರಕಾರಿ ಗಾಡಿ ಮುಂದೆ ನಿಂತು ಒದ್ದಾಡಬೇಕು.

ಇದನ್ನ ಹೇಳೋಕೆ ಎಷ್ಟು ಹೊತ್ತು ಆಯ್ತು ನನಗೆ? ಎರಡು ನಿಮಿಷ. ಆಯಮ್ಮಂಗೆ ಅರ್ಥ ಆಗೋಕೆ ಅದಕ್ಕಿಂತ ಕಮ್ಮಿ. ಟೆಕ್ನಾಲಜಿ ಗೊತ್ತಾಗಲ್ಲ ಇವರಿಗೆ ಅಂತ ಸುಮ್ಮನೆ ಮಾತಾಡ್ತೀವಿ ನಾವು. ಹೇಳಿದ್ರೆ ತಾನೇ ಗೊತ್ತಾಗೋದು.

ಇನ್ನು ಅವನು ಮಾಡಿದ ಕೆಲಸದಿಂದ ಜಾಗ ಆದ್ರೂ ಆಯ್ತಾ ಅಂದ್ರೆ ಅದೂ ಇಲ್ಲ. ಒಂದು ಜಿಬಿ ಚಿಲ್ರೆ. ನಾನು ಫೋನ್ ತಗೊಂಡು ನೋಡಿದ್ರೆ ಜಾಗ ತಿಂದಿರೋದೆಲ್ಲಾ ವಾಟ್ಸಾಪಿನ ವಿಡಿಯೋ. ಅದು ಕ್ಯಾಶ್ ಅಲ್ಲವೇ ಅಲ್ಲ, ಕ್ಯಾಶ್ ಸಾವಿರ ಸಲ ಕ್ಲಿಯರ್ ಮಾಡಿದ್ರೂ ಆ ವಿಡಿಯೋ ಕೂತ ಜಾಗದಿಂದ ಅಲ್ಲಾಡಲ್ಲ. ವಾಟ್ಸಾಪ್ ಒಳಗೇ ಸೆಟ್ಟಿಂಗ್ಸು, ಸ್ಟೋರೇಜ್ ಅಂಡ್ ಡೇಟಾ, ಮ್ಯಾನೇಜ್ ಸ್ಟೋರೇಜ್ ಅಂತ ಇದೆ, 5 ಎಂಬಿಗಿಂತ ದೊಡ್ಡದು ಯಾವುದು, ತುಂಬ ಸಲ ಫಾರ್ವರ್ಡ್ ಆಗಿರೋದು ಯಾವುದು ಅಂತ ಅದೇ ಗುಂಪು ಮಾಡಿ ತೋರಿಸುತ್ತೆ. ಅಲ್ಲೇ ಬೆಂಚ್ ಮೇಲೆ ಪಕ್ಕ ಕೂರಿಸ್ಕೊಂಡು ಒಂದೊಂದೂ ತೋರಿಸಿ, ಇದು ಬೇಕಾ, ಇದು ಬೇಕಾ ಅಂತ ಕೇಳಿ ಕೇಳಿ ಅಳಿಸಿದ್ವಿ. ಗುಡ್ ಮಾರ್ನಿಂಗ್ ವಿಡಿಯೋಗಳು ಹೋದ್ವು. ಮೊಮ್ಮಗು ಮೊದಲ ಸಲ ತೆವಳಿದ ವಿಡಿಯೋ ಬಂದಾಗ ನನ್ನ ಕೈ ಹಿಡ್ಕೊಂಡ್ಬಿಟ್ರು. ಗ್ಯಾಲರಿಯ ಟ್ರ್ಯಾಶಲ್ಲಿ ಅಳಿಸಿದ ಫೋಟೋಗಳೂ ಜಾಗ ಹಿಡ್ಕೊಂಡು ಕೂತಿದ್ವು, ಅದನ್ನೂ ಖಾಲಿ ಮಾಡಿ, ಕೊನೇಲಿ ಯೂಟ್ಯೂಬು, ಬ್ರೌಸರಿನ ಕ್ಯಾಶ್ ತೆಗೆದೆ. ವಾಟ್ಸಾಪಿನ ಆಟೋ ಡೌನ್‌ಲೋಡ್ ಆಫ್ ಮಾಡಿದೆ. ಸುಮಾರು 9 ಜಿಬಿ ಖಾಲಿ ಆಯ್ತು. ಒಂದೇ ಒಂದು ಸಲಾನೂ ಕ್ಲಿಯರ್ ಡೇಟಾ ಕಡೆ ಬೆರಳು ಹೋಗ್ಲಿಲ್ಲ.

ಈಗ ಒಂದಷ್ಟು ಜನ ಬರ್ತೀರ ಅಂತ ಗೊತ್ತು. 'ಆ ಹುಡುಗಂದೇನು ತಪ್ಪು, ದಿನಕ್ಕೆ ಎಷ್ಟು ಜನ ಬರ್ತಾರೆ, ಓಕೆ ಒತ್ತೋ ಮುಂಚೆ ಫೋನೇ ಎಲ್ಲಾ ಅಳಿಸಿಹೋಗುತ್ತೆ ಅಂತ ಕೇಳುತ್ತಲ್ಲ' ಅಂತ. ಕೇಳುತ್ತೆ, ನಿಜ. ಯಾರನ್ನ ಕೇಳುತ್ತೆ? ಬೆರಳಿಟ್ಟವನನ್ನ ಕೇಳುತ್ತೆ. ಫೋನು ಯಾರದೋ ಅವರನ್ನ ಅಲ್ಲ. ಓಕೆ ಅಂದಿದ್ದು ಅವನು, ಕಳ್ಕೊಂಡಿದ್ದು ಆಯಮ್ಮ. ಅವನ ಸಂಬಳ ಕಮ್ಮಿ, ನಿಂತು ನಿಂತು ಕಾಲು ನೋವು, ಅದೆಲ್ಲಾ ನನಗೆ ಅರ್ಥ ಆಗುತ್ತೆ. ಆದ್ರೆ ನೂರೈವತ್ತು ರೂಪಾಯಿ ಕೇಳೋಕೆ ಟೈಮ್ ಇತ್ತಲ್ಲ, ಇನ್ನೊಂದು ಮಾತು ಕೇಳೋಕೆ ಯಾಕೆ ಇರ್ಲಿಲ್ಲ?

'ಬ್ಯಾಕಪ್ ಇಟ್ಕೋಬೇಕಿತ್ತು' ಅನ್ನೋರೂ ಇರ್ತೀರ. ಗೂಗಲ್ಲಲ್ಲಿ ಫ್ರೀ ಸಿಗೋದು 15 ಜಿಬಿ, ಜಿಮೇಲು, ಡ್ರೈವು, 2021ರ ಜೂನ್ 1ರಿಂದ ಈಚೆಗೆ ಹಾಕಿದ ಫೋಟೋಗಳು ಎಲ್ಲಾ ಅದರೊಳಗೇ. ಇದನ್ನ ಆಯಮ್ಮಂಗೆ ಯಾರು ಹೇಳಿದ್ರು? ಅಂಗಡೀಲಿ ಫೋನ್ ಮಾರುವಾಗ ಹೇಳಿದ್ರಾ?

ಇನ್ನೊಂದು ಮಾತು, ಇದು ನಿಜವಾಗ್ಲೂ ಸರಿಯಾದ ಮಾತು: ಕ್ಯಾಶನ್ನ ದಿನಾ ಕ್ಲಿಯರ್ ಮಾಡೋ ಅಗತ್ಯಾನೇ ಇಲ್ಲ. 2017ರಲ್ಲಿ ಆಂಡ್ರಾಯ್ಡ್ 8 ಬಂತಲ್ಲ, ಓರಿಯೋ, ಅದರಲ್ಲಿ ಎಲ್ಲಾ ಆಪಿನ ಕ್ಯಾಶನ್ನ ಒಂದೇ ಏಟಿಗೆ ತೆಗೆಯೋ ಬಟನ್ನನ್ನ ಗೂಗಲ್ ಸೆಟ್ಟಿಂಗ್ಸಿಂದ ತೆಗೆದ್ಬಿಡ್ತು. ಒಂದೊಂದು ಆಪಿಗೂ ಇಷ್ಟು ಅಂತ ಕ್ಯಾಶ್ ಕೋಟಾ ಇಟ್ಟು, ಜಾಗ ಕಮ್ಮಿ ಆದಾಗ ಕೋಟಾ ಮೀರಿ ತಿಂದಿರೋ ಆಪಿಂದ ಮೊದಲು ಸಿಸ್ಟಮ್ಮೇ ಅಳಿಸ್ಕೊಂಡು ಬರೋ ಹಾಗೆ ಮಾಡಿದ್ರು. ಹಾಗಾಗಿ ಒಂದು ಆಪು ಕೆಟ್ಟು ಕೂತಾಗ, ಅಥವಾ ತಕ್ಷಣಕ್ಕೆ ಒಂದಿಷ್ಟು ಜಾಗ ಬೇಕಾದಾಗ ಕ್ಯಾಶ್ ತೆಗೀರಿ. ಬೆಳಗಾಗೆದ್ದು ತೆಗೆದ್ರೆ ಅದೇ ಚಿತ್ರಗಳನ್ನ ಮತ್ತೆ ನೆಟ್ಟಿಂದ ಎಳ್ಕೊಂಡು ನಿಮ್ಮ ಡೇಟಾ ಪ್ಯಾಕೇ ಖರ್ಚಾಗುತ್ತೆ. ಕ್ಲೀನರ್ ಆಪುಗಳಂತೂ ಬೇಡವೇ ಬೇಡ. 2020ರ ಜೂನಲ್ಲಿ ಕೇಂದ್ರ ಸರ್ಕಾರ 59 ಆಪ್ ಬ್ಯಾನ್ ಮಾಡಿತ್ತಲ್ಲ, ಆ ಪಟ್ಟೀಲಿ ಕ್ಲೀನ್ ಮಾಸ್ಟರೂ ಇತ್ತು, ಎಷ್ಟು ಮನೆ ಫೋನಲ್ಲಿ ಅದು ಕೂತಿತ್ತು ಅಂತ ನನಗೆ ಗೊತ್ತು, ಅಷ್ಟು ಫೋನಿಂದ ನಾನೇ ತೆಗೆದಿದೀನಿ.

ಇಷ್ಟು ಸಿಟ್ಟು ಯಾಕೆ ಅಂತ ನಮ್ಮನೆಯವರು ರಾತ್ರಿ ಕೇಳಿದ್ರು. ಅವರಿಗೆ ಗೊತ್ತಿಲ್ಲದೇ ಇರೋದೊಂದು ಇಲ್ಲಿ ಹೇಳ್ತೀನಿ.

2019ರಲ್ಲಿ ನಾನೂ ಇದನ್ನೇ ಮಾಡಿದೀನಿ. ಅಪ್ಪನ ಫೋನು ಸ್ಲೋ ಆಗಿತ್ತು. ಆಫೀಸಿಗೆ ಹೊರಡೋ ಗಡಿಬಿಡೀಲಿ "ಕೊಡಿ ಇಲ್ಲಿ" ಅಂತ ಕಿತ್ಕೊಂಡು ಒಂದೆರಡು ಆಪಿಗೆ ಕ್ಲಿಯರ್ ಡೇಟಾ ಕೊಟ್ಟೆ. ಎರಡೂ ಬಟನ್ನಿನ ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತಿತ್ತು, ಆದ್ರೂ ಕೊಟ್ಟೆ, ಯಾಕಂದ್ರೆ ಅಪ್ಪನ ಫೋನಲ್ಲಿ ಏನು ಮಹಾ ಇರುತ್ತೆ ಅಂದ್ಕೊಂಡಿದ್ದೆ. ಅದರಲ್ಲಿ ಒಂದು ಆಪಲ್ಲಿ ಅಪ್ಪ ಎರಡು ವರ್ಷ ದಿನಾ ಬೆಳಿಗ್ಗೆ ಶುಗರ್ ರೀಡಿಂಗ್ ಹಾಕಿಟ್ಟಿದ್ರು, ಡಾಕ್ಟರಿಗೆ ತೋರಿಸೋಕೆ. ಸಂಜೆ ಬಂದಾಗ "ಪರ್ವಾಗಿಲ್ಲ ಬಿಡಮ್ಮ" ಅಂದ್ರು ಅಷ್ಟೇ. ಮಾರನೇ ದಿನದಿಂದ ಹಳೇ ಡೈರಿ ತೆಗೆದು ಪೆನ್ನಲ್ಲಿ ಬರೆಯೋಕೆ ಶುರು ಮಾಡಿದ್ರು. ಫೋನನ್ನ ಆಮೇಲೆ ನನ್ನ ಕೈಗೆ ಅವರಾಗಿ ಯಾವತ್ತೂ ಕೊಡ್ಲಿಲ್ಲ. ಆ ಡೈರಿ ಈಗ್ಲೂ ನನ್ನ ಬೀರುವಲ್ಲಿದೆ. ನಿನ್ನೆ ಆಯಮ್ಮ ಬಿಳೀ ಪೇಜನ್ನ ತಳ್ತಾ ಇದ್ದಿದ್ದು ನೋಡಿದಾಗ ನನಗೆ ಅಪ್ಪನ ಬೆರಳೇ ಕಂಡಿದ್ದು.

ಅಂಗಡಿ ಹುಡುಗನಿಗೆ ಇದನ್ನೂ ಹೇಳಿದೆ. ಬೈದೆ, ಬೈದಾದ್ಮೇಲೆ ಹೇಳಿದೆ. ಅವನು ನೂರೈವತ್ತು ವಾಪಸ್ ಕೊಟ್ಟ, ಮುಖ ಸಣ್ಣದಾಗಿತ್ತು, "ಸಾರಿ ಆಂಟಿ" ಅಂದ ಆಯಮ್ಮಂಗೆ. ಅವರು ದುಡ್ಡು ಎಣಿಸದೇ ಪರ್ಸಿಗೆ ಹಾಕ್ಕೊಂಡ್ರು.

ನೋಟ್ಸ್ ವಾಪಸ್ ಬರ್ಲಿಲ್ಲ. ಆ ಆಪಲ್ಲಿ ಅಕೌಂಟೂ ಇರ್ಲಿಲ್ಲ, ನೆಟ್ಟಲ್ಲಿ ಒಂದು ನಕಲು ಇಡೋ ಸಿಂಕೂ ಇರ್ಲಿಲ್ಲ, ನಾನು ಹುಡುಕದ ಜಾಗ ಉಳಿದಿಲ್ಲ. ಆಷಾಢ ಸೇಲಲ್ಲಿ ತಗೊಂಡಿರೋ ಸೀರೆಗಳೆಲ್ಲಾ ಬ್ಲೌಸಿಗೆ ಬಂದು ಕೂತಿವೆಯಂತೆ, ನಲವತ್ತು ಪೀಸಿಗೆ ಡೇಟ್ ಕೊಟ್ಟಾಗಿದೆ. ನಾನು ಹೊರಡೋವಾಗ ಅಂಗಡಿ ಮುಂದಿನ ಕಟ್ಟೆ ಮೇಲೆ ಕೂತು ಒಬ್ಬೊಬ್ರಿಗೇ ಫೋನ್ ಹಚ್ಚುತಾ ಇದ್ರು, "ಅಕ್ಕಾ, ಒಂದು ಅಳತೆ ಬ್ಲೌಸ್ ಕಳಿಸಿಕೊಡ್ತೀರಾ, ನಿಮ್ಮದು ಎಲ್ಲೋ ಸೇರ್ಕೊಂಡ್ಬಿಟ್ಟಿದೆ" ಅಂತ.