ಹೆಸರು ಕಾಲಡಿಯಲ್ಲೋ, ಗೋಡೆಯ ಮೇಲೋ?

ಪರ

ನಾಜಿಗಳಿಗೆ ಬಲಿಯಾದವರ ನೆನಪಿಗೆಂದು ಕಲಾವಿದ ಗುಂಟರ್ ಡೆಮ್ನಿಗ್ 1992ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಮೊದಲ ‘ಶ್ಟೋಲ್ಪರ್‌ಶ್ಟೈನ್’ ಇಟ್ಟರು. ಎಡವುಗಲ್ಲು ಅನ್ನೋಣ, ಹೆಸರಷ್ಟೇ ಹಾಗೆ, ಫುಟ್‌ಪಾತಿಗೆ ಸಮವಾಗಿ ಹೂತಿರುವ ಅದು ಯಾರನ್ನೂ ಬೀಳಿಸುವುದಿಲ್ಲ. ಹತ್ತು ಸೆಂಟಿಮೀಟರಿನ ಕಾಂಕ್ರೀಟ್ ತುಂಡು, ಮೇಲೆ ಹಿತ್ತಾಳೆ ತಗಡು. ಅಕ್ಷರಗಳನ್ನು ಒಂದೊಂದಾಗಿ ಅಚ್ಚಿಟ್ಟು ಸುತ್ತಿಗೆಯಿಂದ ಕುಟ್ಟುತ್ತಾರೆ: ‘ಇಲ್ಲಿ ವಾಸವಿದ್ದರು’, ಹೆಸರು, ಹುಟ್ಟಿದ ವರ್ಷ, ಎಲ್ಲಿಗೆ ಸಾಗಿಸಿದರು, ಎಲ್ಲಿ ಕೊಂದರು. ಒಬ್ಬರಿಗೆ ಒಂದೇ ಕಲ್ಲು. ಜನರನ್ನು ಸಂಖ್ಯೆಯಾಗಿಸಿ ಕೊಂದವರಿಗೆ ಇದೇ ತಕ್ಕ ಉತ್ತರ.

ಕಷ್ಟದ ಕೆಲಸವೆಂದರೆ ಬಾಗಿಲು ಹುಡುಕುವುದು. ಕಲ್ಲು ಸೇರಬೇಕಾದದ್ದು ಆ ವ್ಯಕ್ತಿ ತಾನಾಗಿ ಆರಿಸಿಕೊಂಡಿದ್ದ ಕೊನೆಯ ಮನೆಗೆ. ಆದರೆ 1939ರ ನಂತರ ಯಹೂದಿ ಕುಟುಂಬಗಳನ್ನು ಎಬ್ಬಿಸಿ ‘ಯೂಡನ್‌ಹೌಸ್’ (ಯಹೂದಿ ಮನೆ) ಎಂಬ ಮನೆಗಳಿಗೆ ತುರುಕಿದರು. ಸಾಗಾಟದ ಪಟ್ಟಿಯಲ್ಲಿ ಹೆಚ್ಚಾಗಿ ಸಿಗುವುದು ಆ ವಿಳಾಸ. ಅದನ್ನೇ ನಂಬಿದರೆ ಕಲ್ಲು ತಪ್ಪು ಮನೆ ಸೇರುತ್ತದೆ. ಹಾಗಾಗಿ ಹಳೆಯ ವಿಳಾಸ ಪುಸ್ತಕಗಳ ಜೊತೆ ತಾಳೆ ನೋಡಬೇಕು. ಬಾಂಬ್ ದಾಳಿಯ ನಂತರ ಮನೆ ನಂಬರ್ ಬದಲಾಗಿದೆಯೇ ಎಂಬುದೂ ತಿಳಿಯಬೇಕು. ಬಂಧುಗಳನ್ನು ಹುಡುಕಿ ಒಪ್ಪಿಗೆ ಕೇಳಬೇಕು, ನಗರಾಡಳಿತದ ಅನುಮತಿ ಪಡೆಯಬೇಕು. ಇಷ್ಟನ್ನೂ ಹೆಚ್ಚಾಗಿ ಮಾಡುವವರು ಅದೇ ಬೀದಿಯ ನಿವಾಸಿಗಳು, ಶಾಲೆಯ ಮಕ್ಕಳು. ಲಕ್ಷದ ಕಲ್ಲು 2023ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಕೂತಿತು. ಅಕ್ಷರ ಸಣ್ಣದು, ಓದಬೇಕಾದರೆ ತಲೆ ಬಾಗಲೇಬೇಕು.

ವಿರೋಧ

ತಲೆ ಬಾಗುವವನು ಒಬ್ಬ, ತುಳಿದು ಹೋಗುವವರು ನೂರು ಜನ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ದೇವಸ್ಥಾನಗಳ ನೆಲದಲ್ಲೂ ಅಡ್ಡಬಿದ್ದ ಭಕ್ತರ ಚಿತ್ರ ಕೆತ್ತಿರುವುದುಂಟಲ್ಲ ಎನ್ನಬಹುದು. ಅದು ಭಕ್ತಿಯಿಂದ ಬೇಡಿಕೊಂಡ ಪಾದಧೂಳಿ; ಬೂಟುಕಾಲಿನಿಂದ ಒದೆಸಿಕೊಂಡು ಸತ್ತವರು ಇದನ್ನು ಕೇಳಿರಲಿಲ್ಲ. ನಾಜಿ ಕಾಲವನ್ನು ದಾಟಿ ಬಂದ, ಮ್ಯೂನಿಕ್ ಯಹೂದಿ ಸಮುದಾಯದ ಮುಖ್ಯಸ್ಥೆ ಷಾರ್ಲೋಟ್ಟೆ ಕ್ನೋಬ್ಲೋಖ್ ಅವರ ಆಕ್ಷೇಪವೂ ಇದೇ. ಅಲ್ಲಿನ ನಗರಸಭೆ 2004ರಲ್ಲಿ ಸಾರ್ವಜನಿಕ ಜಾಗದಲ್ಲಿ ಈ ಕಲ್ಲು ಬೇಡವೆಂದಿತು, 2015ರಲ್ಲಿ ಮತ್ತೆ ಅದನ್ನೇ ಹೇಳಿತು.

ಇನ್ನು ಹಿತ್ತಾಳೆ. ಮಳೆ, ಚಳಿಗಾಲದಲ್ಲಿ ಹಿಮಕ್ಕೆ ಚೆಲ್ಲುವ ಉಪ್ಪು, ನಾಯಿ ಮೂತ್ರ ಎಲ್ಲ ಸೇರಿ ಕಪ್ಪಗಾಗುತ್ತದೆ. ಪಾಲಿಶ್ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಬೇಕು. ತಂತಿ ಬ್ರಷ್ ಹಾಕಿದರೆ ಗೀರು. ಉಜ್ಜುವವರು ಊರು ಬಿಟ್ಟರೆ ಹೆಸರೂ ಮಾಸಿತು. ಕೇಬಲ್‌ಗೆಂದು ರಸ್ತೆ ಅಗೆದಾಗ ಕಲ್ಲನ್ನು ಎತ್ತಿಡದಿದ್ದರೆ ಅವಶೇಷದ ಜೊತೆ ಲಾರಿ ಹತ್ತುತ್ತದೆ. 2012ರ ನವೆಂಬರ್ 9ರ ಹೊತ್ತಿಗೆ, ಯಹೂದಿಗಳ ಮೇಲಿನ 1938ರ ದಾಳಿಯ ನೆನಪಿನ ದಿನವೇ, ಗ್ರೈಫ್ಸ್‌ವಾಲ್ಡ್‌ನ ಅಷ್ಟೂ 11 ಕಲ್ಲುಗಳನ್ನು ಕಿತ್ತೊಯ್ದರು. ಕೆಲವು ಕಲ್ಲುಗಳ ಮೇಲಂತೂ ನಾಜಿ ಕೋರ್ಟು ಹೊರಿಸಿದ ಆರೋಪದ ಪದವನ್ನೇ ಉದ್ಧರಣ ಚಿಹ್ನೆಯಲ್ಲಿ ಕೆತ್ತಿದ್ದಾರೆ. ನಡೆದು ಹೋಗುವವನಿಗೆ ಚಿಹ್ನೆ ಕಾಣದು, ಬೈಗುಳ ಕಾಣುತ್ತದೆ.

ಮ್ಯೂನಿಕ್ 2018ರಿಂದ ಚಿನ್ನದ ಲೇಪವಿರುವ ಸ್ಟೀಲ್ ಫಲಕಗಳನ್ನು ಕಣ್ಣಿನ ಮಟ್ಟದಲ್ಲಿ, ಆ ಮನೆಯ ಗೋಡೆಗೇ ಹಾಕುತ್ತಿದೆ. ಫಲಕಕ್ಕೆ ಮನೆಯ ಮಾಲೀಕರ ಒಪ್ಪಿಗೆ ಬೇಕು, ನಿಜ. ಸಿಗದಿದ್ದರೆ ಬಾಗಿಲೆದುರಿನ ಸಾರ್ವಜನಿಕ ಜಾಗದಲ್ಲಿ ಕಂಬ ನಿಲ್ಲಿಸಬಹುದು. ಒಲ್ಲೆ ಎಂದ ಮಾಲೀಕರು ದಿನಾ ಅದನ್ನು ದಾಟಿಯೇ ಮನೆಗೆ ಹೋಗಬೇಕು.