ತಪ್ಪು ಅಕ್ಷರದ ಅಧ್ಯಕ್ಷರು

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಸಂಘವೊಂದರ ಇಮೇಲ್ ವ್ಯವಸ್ಥೆ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಸರ್ವರ್ ಸಂಘದ ಕಚೇರಿಯಲ್ಲಿದೆ. ಅದರ ಮುಂದೆ ಶಿವಮೊಗ್ಗದಲ್ಲೊಂದು ರಿಲೇ, ಅಂದರೆ ಹೊರಗಿನ ಪತ್ರಗಳನ್ನು ಮೊದಲು ತಾನು ಪಡೆದು ಒಳಗೆ ದಾಟಿಸುವ ಸರ್ವರ್. ಆಷಾಢದ ಮಳೆಗೆ ಕಚೇರಿಯ ಕರೆಂಟು ಹೋದರೆ, ಬಂದ ಪತ್ರಗಳನ್ನು ರಿಲೇ 5 ದಿನ ಇಟ್ಟುಕೊಂಡು ಕಾಯುತ್ತದೆ. ರಿಲೇಯಲ್ಲಿರುವ ಪೋಸ್ಟ್‌ಫಿಕ್ಸ್ ಎಂಬ ಇಮೇಲ್ ತಂತ್ರಾಂಶದ ರೂಢಿಯ ಲೆಕ್ಕ ಅದು. ನಮ್ಮ ಮಳೆಗೆ ಕೆಲವೊಮ್ಮೆ ಅದೂ ಸಾಲದು, ಆ ಮಾತು ಬೇರೆ.

ಈ ರಿಲೇ ಮಲೆನಾಡಿನ ಮನೆಯ ಹಾಗೆ ಬಂದವರನ್ನೆಲ್ಲ ಜಗಲಿಗೆ ಕರೆದು ಕೂರಿಸುತ್ತಿತ್ತು. ಸಂಘದ ಹೆಸರು ಹೇಳಿದರೆ ಸಾಕು, ಯಾರಿಗೆ ಪತ್ರ ಎಂದು ವಿಚಾರಿಸುತ್ತಿರಲಿಲ್ಲ. ಸ್ಪ್ಯಾಮ್ ಕಳುಹಿಸುವವರು ಜಾನ್, ಮೇರಿ, ಸೇಲ್ಸ್ ಎಂದು ಬಾಯಿಗೆ ಬಂದ ಹೆಸರಿಗೆಲ್ಲ ಬರೆದರು. ಒಳಗಿನ ಸರ್ವರ್ ‘ಅಂಥವರು ಇಲ್ಲಿಲ್ಲ’ ಎನ್ನುವ ಹೊತ್ತಿಗೆ ಪತ್ರ ರಿಲೇಯ ತಲೆಗೆ ಬಿದ್ದಾಗಿರುತ್ತಿತ್ತು. ವಾಪಸು ಮಾಡೋಣವೆಂದರೆ ಕಳುಹಿಸಿದವರ ವಿಳಾಸವೂ ಖೋಟಾ. ಹೀಗಾಗಿ ಯಾವುದೋ ದೇಶದ ನಿರಪರಾಧಿಗಳಿಗೆ ನಮ್ಮ ಅಡಿಕೆ ಸಂಘದಿಂದ ವಿಷಾದ ಪತ್ರಗಳು ಹೋಗುತ್ತಿದ್ದವು.

ಮ್ಯಾನೇಜರ್ ರಿಲೇಯ ಲಾಗ್, ಅಂದರೆ ಬಂದುಹೋದ ಪತ್ರಗಳ ದಾಖಲೆ ನೋಡಿ, “ಈ ಜಾನ್ ಯಾರು ಮಾರಾಯರೇ? ನಮ್ಮಲ್ಲಿ ಷೇರು ಇದೆಯೇ ಅವರದು?” ಎಂದರು.

ಮದ್ದು ಗೊತ್ತಿದ್ದದ್ದೇ. ಇರುವ ವಿಳಾಸಗಳ ಪಟ್ಟಿಯನ್ನು ರಿಲೇಗೆ ಕೊಟ್ಟರೆ, ಪಟ್ಟಿಯಲ್ಲಿಲ್ಲದ ಹೆಸರು ಕೇಳಿದೊಡನೆ, ಪತ್ರದ ಒಕ್ಕಣೆ ಬರುವ ಮೊದಲೇ, ಅದು 550, ಅಂಥವರಿಲ್ಲ ಎಂದು ನಿರಾಕರಿಸುತ್ತದೆ. ಪ್ರತಿ ಸಲ ಒಳಗಿನ ಸರ್ವರನ್ನೇ ಕೇಳಿ ನೋಡುವ ಏರ್ಪಾಡೂ ಉಂಟು. ಆದರೆ ಕರೆಂಟಿಲ್ಲದ ಸರ್ವರ್ ಉತ್ತರಿಸುವುದು ಹೇಗೆ? ಗೊತ್ತಿಲ್ಲದ ಹೆಸರಿಗೆಲ್ಲ ರಿಲೇ 450, ಆಮೇಲೆ ಬನ್ನಿ ಎನ್ನುತ್ತದೆ. ಮಳೆಗಾಲಕ್ಕೆಂದು ಇಟ್ಟ ರಿಲೇ ಮಳೆಗಾಲದಲ್ಲೇ ಕೈಕೊಟ್ಟಂತೆ.

ಪಟ್ಟಿ ಕೊಡಿ ಎಂದಿದ್ದಕ್ಕೆ ಗುಮಾಸ್ತರು ರಾಶಿ, ಬೆಟ್ಟೆ, ಗೊರಬಲು ಅಡಿಕೆಗಳ ಧಾರಣೆ ಬರೆದ ಹಾಳೆಯ ಹಿಂಬದಿಯಲ್ಲಿ ಹೆಸರುಗಳನ್ನು ಗೀಚಿ ಕೊಟ್ಟರು. ಅದರಲ್ಲಿ ನಿವೃತ್ತರಾದ ಕಾರ್ಯದರ್ಶಿ ಇದ್ದರು, ಹಾಲಿ ಕಾರ್ಯದರ್ಶಿ ಇರಲಿಲ್ಲ. ಭಟ್ಟರಿಗೆ ಇಂಗ್ಲಿಷಿನಲ್ಲಿ ‘ಟಿ’ ಒಂದೋ ಎರಡೋ ಎಂಬ ಚರ್ಚೆಗೆ ಒಂದು ಸುತ್ತು ಕಾಫಿ ಖರ್ಚಾಯಿತು. ಕೊನೆಗೆ ಸರ್ವರಿನಿಂದಲೇ ಪಟ್ಟಿ ತೆಗೆದು ರಿಲೇಗೆ ಹಾಕಿದೆ.

ಮರುದಿನವೇ ಅಧ್ಯಕ್ಷರ ಫೋನು. “ನನಗೆ ಬರೆದವರಿಗೆ ಅಂಥವರಿಲ್ಲ ಎಂದು ಉತ್ತರ ಹೋಗಿದೆಯಂತೆ! ನೀವು ಕೈ ಹಾಕುವವರೆಗೆ ಎಲ್ಲ ಸರಿ ಇತ್ತಲ್ಲ?”

ಸರಿ ಇರಲಿಲ್ಲ. ಅವರ ವಿಸಿಟಿಂಗ್ ಕಾರ್ಡಿನ ವಿಳಾಸದಲ್ಲಿ ಒಂದು ಅಕ್ಷರ ತಪ್ಪಾಗಿ ಅಚ್ಚಾಗಿತ್ತು. ಆ ವಿಳಾಸಕ್ಕೆ ಬರೆದವರಿಗೆ ನಮ್ಮ ರಿಲೇ ಮೊದಲೂ ವಿಷಾದ ಪತ್ರ ಬರೆಯುತ್ತಿತ್ತು. ಅದು ಬರೆದವರ ಸ್ಪ್ಯಾಮ್ ಕಡತ ಸೇರುತ್ತಿತ್ತು. ಈಗ ಅವರವರ ಸರ್ವರೇ ಮುಖಕ್ಕೆ ಹೊಡೆದಂತೆ ಹೇಳಿತ್ತು. ಬರೆದವರು ಉತ್ತರ ಬರಲಿಲ್ಲವೆಂದು ಮುನಿಸಿಕೊಂಡಿದ್ದರೆ, ಅಧ್ಯಕ್ಷರು ಈಗಿನ ಕಾಲದಲ್ಲಿ ಯಾರೂ ಪತ್ರ ಬರೆಯುವುದಿಲ್ಲ ಎಂದು ಸಭೆಗಳಲ್ಲಿ ನೊಂದುಕೊಳ್ಳುತ್ತಿದ್ದರು.

ಕಾರ್ಡು ಬದಲಿಸೋಣವೇ ಎಂದೆ. “ಇನ್ನೂ ಒಂದು ಪೆಟ್ಟಿಗೆ ಉಳಿದಿದೆ” ಎಂದರು. ತಪ್ಪು ಅಕ್ಷರದ ಅಧ್ಯಕ್ಷರನ್ನೂ ಪಟ್ಟಿಗೆ ಸೇರಿಸಿ, ಅವರಿಗೆ ಬಂದದ್ದು ಸರಿ ಅಕ್ಷರದ ಅಧ್ಯಕ್ಷರಿಗೆ ಹೋಗುವಂತೆ ಮಾಡಿದೆ.