ರಿವ್ಯೂ ಸುತ್ತುಗಳಿಗೆ ರೇಂಜ್-ಡಿಫ್ ಬೇಕೇ?

ಪರ

ಉದ್ಯಮಬಾಗ್‌ನ ಫೌಂಡ್ರಿಗಳಿಗೆ ಬಿಲ್ಲು, ಸ್ಟಾಕಿನ ಸಾಫ್ಟ್‌ವೇರ್ ಬರೆಯುವ ಬೆಳಗಾವಿಯ ಸಣ್ಣ ತಂಡದಲ್ಲಿ ಕೋಡ್ ನೋಡಿಕೊಡುವವರು ಒಬ್ಬರೋ ಇಬ್ಬರೋ. ಅವರ ಹೊತ್ತು ಉಳಿಯಬೇಕು. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಏಳು ಕಮಿಟ್‌ಗಳ (ದಾಖಲಾದ ಬದಲಾವಣೆಗಳ) ಬ್ರಾಂಚನ್ನು, ಅಂದರೆ ಕೋಡಿನ ಕವಲನ್ನು, ಅವರು ಓದಿ ತಿದ್ದುಪಡಿ ಹೇಳಿದ್ದಾರೆ; ನೀವು ರಿಬೇಸ್ ಮಾಡಿ, ಅಂದರೆ ಅವನ್ನು ಮುಖ್ಯ ಕವಲಾದ ಮೇನ್‌ನ ಹೊಸ ತುದಿಯ ಮೇಲೆ ಮತ್ತೆ ಕಟ್ಟಿ, ಸರ್ವರಿಗೆ ಮತ್ತೆ ಪುಶ್ ಮಾಡಿದ್ದೀರಿ. ಏಳರಲ್ಲಿ ಬದಲಾದದ್ದು ಯಾವುದು? ಹಳೆ ತುದಿಗೂ ಹೊಸ ತುದಿಗೂ ಸಾದಾ ಡಿಫ್ (ಸಾಲುಸಾಲಿನ ವ್ಯತ್ಯಾಸದ ಪಟ್ಟಿ) ಹಾಕಿದರೆ ಮೇನ್‌ನಿಂದ ಬಂದ ಬೇರೆಯವರ ಕೆಲಸವೂ ಅದರಲ್ಲಿ ಕಲಸಿಹೋಗುತ್ತದೆ.

2018ರಲ್ಲಿ ಗಿಟ್ 2.19ರ ಜೊತೆ ಬಂದ ರೇಂಜ್-ಡಿಫ್ ಇರುವುದೇ ಇದಕ್ಕೆ. ಮೊದಲ ಸಲ ಕಳಿಸುವಾಗ ಆ ತುದಿಗೆ ಹೆಸರಿನ ಗುರುತು ಹಚ್ಚಲು ‘ಗಿಟ್ ಟ್ಯಾಗ್ ಬಿಲ್-1’, ತಿದ್ದಿದ ಮೇಲೆ ‘ಗಿಟ್ ಟ್ಯಾಗ್ ಬಿಲ್-2’, ಆಮೇಲೆ ‘ಗಿಟ್ ರೇಂಜ್-ಡಿಫ್ ಮೇನ್ ಬಿಲ್-1 ಬಿಲ್-2’. ಹಳೆಯ, ಹೊಸ ಕಮಿಟ್‌ಗಳನ್ನು ಅದು ಜೋಡಿ ಹಚ್ಚುತ್ತದೆ: = ಅಂದರೆ ಇದ್ದಂತೆಯೇ ಇದೆ, ! ಬದಲಾಗಿದೆ, < ತೆಗೆದದ್ದು, > ಹೊಸದು. ಐದಕ್ಕೆ = ಬಂದರೆ ಉಳಿದೆರಡನ್ನು ಓದಿದರಾಯಿತು. ಕಮಿಟ್ ಸಂದೇಶ ತಿದ್ದಿದ್ದರೂ ಕಾಣುತ್ತದೆ. ಕಾನ್ಫ್ಲಿಕ್ಟ್ (ಒಂದೇ ಜಾಗದ ಎರಡು ಬದಲಾವಣೆಗಳ ಘರ್ಷಣೆ) ಬಿಡಿಸುವಾಗ ಜಿಎಸ್‌ಟಿ ಲೆಕ್ಕದ ಒಂದು ಸಾಲು ಕೈತಪ್ಪಿದ್ದರೆ ಅದು ಸಿಕ್ಕಿಬೀಳುವುದೂ ಇಲ್ಲೇ. ಈ ಒಂದು ಗುಣಕ್ಕಾಗಿಯೇ ಇದನ್ನು ಕಲಿಯಬೇಕು.

ಟ್ಯಾಗ್ ಮಾತ್ರ ಬಿಡಬಾರದು. ಸರ್ವರಿನ ಹಳೆಯ ಬ್ರಾಂಚನ್ನು ಬಲವಂತವಾಗಿ ಬದಲಿಸುವ ಫೋರ್ಸ್ ಪುಶ್ ಆದ ಮೇಲೆ ಹಳೆಯ ಕಮಿಟ್‌ಗಳಿಗೆ ನಿಮ್ಮ ಕಂಪ್ಯೂಟರಿನ ರೆಫ್‌ಲಾಗೇ (ಬ್ರಾಂಚಿನ ತುದಿ ಎಲ್ಲೆಲ್ಲಿತ್ತು ಎಂಬ ದಾಖಲೆ) ಆಸರೆ. ಬ್ರಾಂಚಿನಿಂದ ಕಳಚಿದವುಗಳ ನಮೂದನ್ನು ಗಿಟ್ ಸಾಮಾನ್ಯವಾಗಿ 30 ದಿನ ಇಟ್ಟುಕೊಳ್ಳುತ್ತದೆ, ಅಷ್ಟೇ. ಸಾದಾ ಪುಶ್ ಟ್ಯಾಗನ್ನು ಒಯ್ಯುವುದಿಲ್ಲ, ಅದನ್ನು ಹೆಸರು ಹೇಳಿ ಬೇರೆಯಾಗಿ ಪುಶ್ ಮಾಡಿ.

ವಿರೋಧ

ಓದುವವರ ಹೊತ್ತು ಉಳಿಯಬೇಕು, ಒಪ್ಪಿದೆ. ಆದರೆ ರೇಂಜ್-ಡಿಫ್ ತೋರಿಸುವುದು ಎರಡು ಡಿಫ್‌ಗಳ ನಡುವಿನ ಡಿಫ್. ಸಾಲಿನ ಮುಂದೆ ಗುರುತು ಎರಡೆರಡು: ‘-+’ ಅಂದರೆ ಹಳೆಯ ಆವೃತ್ತಿ ಸೇರಿಸಿದ್ದ ಸಾಲು ಹೊಸದರಲ್ಲಿ ಸೇರಿಲ್ಲ, ‘--’ ಅಂದರೆ ಹಳೆಯದು ಅಳಿಸಿದ್ದ ಸಾಲನ್ನು ಹೊಸದು ಅಳಿಸಿಲ್ಲ. ವಿಟಿಯು ಪದವಿ ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದವರು ಇದನ್ನು ತಿರುವುಮುರುವಾಗಿ ಓದಿ, ಸರಿ ಇದೆ ಎಂದು ಒಪ್ಪಿಗೆ ಕೊಟ್ಟುಬಿಡುವ ಅಪಾಯ ದೊಡ್ಡದು.

ಇನ್ನೂ ಗಂಭೀರವಾದದ್ದು ಜೋಡಿ ತಪ್ಪುವುದು. ಕಮಿಟ್ ಬಹಳ ಬದಲಾಗಿದ್ದರೆ ಅದು < ಮತ್ತು > ಎಂದು ಎರಡು ಸಾಲಾಗಿ ಬರುತ್ತದೆ, ಒಳಗಿನ ಬದಲಾವಣೆ ಕಾಣುವುದೇ ಇಲ್ಲ. ಎಲ್ಲಿ ಕಣ್ಣಿಟ್ಟು ನೋಡಬೇಕೋ ಅಲ್ಲೇ ಕತ್ತಲೆ! ಎಷ್ಟು ಬದಲಾಗಿದ್ದರೂ ಜೋಡಿ ಎಂದು ಎಣಿಸಬೇಕು ಎಂಬುದನ್ನು ಹೇಳುವ ಕ್ರಿಯೇಷನ್-ಫ್ಯಾಕ್ಟರ್ ಮೊದಲಿಂದ 60 ಇರುತ್ತದೆ. 90ಕ್ಕೆ ಏರಿಸಿದರೆ ಜೋಡಿ ಸಿಗಬಹುದು, ಸಂಬಂಧವಿಲ್ಲದವೂ ಜೋಡಿಯಾಗಬಹುದು. ಮೇನನ್ನು ಮರ್ಜ್ ಮಾಡಿಕೊಂಡ ಬ್ರಾಂಚಿನಲ್ಲಿ ಎರಡು ಕವಲು ಕೂಡಿಸುವ ಮರ್ಜ್ ಕಮಿಟ್‌ಗಳನ್ನು ಅದು, ಬೇರೆ ಸೂಚನೆ ಕೊಡದಿದ್ದರೆ, ಸುಮ್ಮನೆ ದಾಟಿಹೋಗುತ್ತದೆ.

ರಿವ್ಯೂ ನಡೆದಿರುವಾಗ ಇತಿಹಾಸ ತಿದ್ದದಿರುವುದೇ ಲೇಸು. ತಿದ್ದುಪಡಿಯನ್ನು ‘ಗಿಟ್ ಕಮಿಟ್ --ಫಿಕ್ಸಪ್’ ಎಂದು ಮೂಲ ಕಮಿಟ್‌ನ ಹ್ಯಾಶ್ (ಗುರುತಿನ ಸಂಖ್ಯೆ) ಕೊಟ್ಟು ಮೇಲೆ ಸೇರಿಸಿ. ಓದುವವರು ಆ ಹೊಸ ಕಮಿಟ್ ನೋಡಿದರೆ ಸಾಕು. ರಿವ್ಯೂ ನಡುವೆ ಫೋರ್ಸ್ ಪುಶ್ ಇಲ್ಲದ್ದರಿಂದ ಅದೇ ಬ್ರಾಂಚಿನಲ್ಲಿರುವ ಜೊತೆಗಾರರ ಕೆಲಸ ಅಳಿಸಿಹೋಗದು. ಒಪ್ಪಿಗೆ ಬಂದ ಮೇಲೆ ತುದಿಗೆ ಟ್ಯಾಗ್ ಹಾಕಿ, ಒಮ್ಮೆ ಮಾತ್ರ ‘ಗಿಟ್ ರಿಬೇಸ್ -ಐ --ಆಟೋಸ್ಕ್ವಾಶ್ --ಕೀಪ್-ಬೇಸ್ ಮೇನ್’. ಇದು ತಿದ್ದುಪಡಿಗಳನ್ನು ಮೂಲ ಕಮಿಟ್‌ಗಳೊಳಗೆ ಸೇರಿಸುತ್ತದೆ; ಬ್ರಾಂಚಿನ ಬುಡ ಸರಿಯದ ಕಾರಣ ಟ್ಯಾಗಿಗೂ ಹೊಸ ತುದಿಗೂ ಸಾದಾ ಡಿಫ್ ಹಾಕಿದರೆ ಏನೂ ಬರಬಾರದು. ಒಂದು ಸಾಲು ಬಂದರೂ ಮರ್ಜ್ ನಿಲ್ಲಿಸಿ.